ಟೆಲಿಫೋನ್ ಕಚೇರಿಯಿಂದ ಬೆಳ್ಳಿತೆರೆಗೆ: ಮೂಕಿ ಯುಗದ ಸುಲೋಚನಾ

ಸಭೆಗೆ ನಮಸ್ಕಾರ. ಭಾರತದ ಮೂಕಿ ಚಿತ್ರಗಳ ಮಾತು ಬಂದಾಗ ದಾದಾಸಾಹೇಬ್ ಫಾಲ್ಕೆಯವರ ಹೆಸರು ಮೊದಲು ಬರುತ್ತದೆ, ಬರಬೇಕಾದದ್ದೇ. ಆದರೆ 1920ರ ದಶಕದ ಕೊನೆಯ ವರ್ಷಗಳಲ್ಲಿ ಕಾಸು ಕೊಟ್ಟು ಚಿತ್ರಮಂದಿರಕ್ಕೆ ಬರುತ್ತಿದ್ದ ಪ್ರೇಕ್ಷಕರನ್ನು ಸೆಳೆಯುತ್ತಿದ್ದ ಹೆಸರುಗಳಲ್ಲಿ ಮುಂಚೂಣಿಯದು ಸುಲೋಚನಾ ಎಂಬುದು. ಆ ಹೆಸರಿನ ಹಿಂದಿದ್ದವರು ಪುಣೆಯ ರೂಬಿ ಮೈಯರ್ಸ್. ಅವರ ವೃತ್ತಿಜೀವನದ ಬಗ್ಗೆ ಒಂದು ಸಿದ್ಧ ಕಥೆ ಚಲಾವಣೆಯಲ್ಲಿದೆ: ಚೆಲುವೆಯೊಬ್ಬಳು ಮಾತಿಲ್ಲದ ಚಿತ್ರಗಳಲ್ಲಿ ಮೆರೆದಳು, ಚಿತ್ರಕ್ಕೆ ಮಾತು ಬಂದ ಕೂಡಲೇ ಹಿಂದುಸ್ತಾನಿ ಬಾರದೆ ಮರೆಯಾದಳು. ವರ್ಷಗಳನ್ನೂ ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಕಥೆ ನಿಲ್ಲುವುದಿಲ್ಲ. ಮಾತು ಅವರಿಗೆ ಅಡ್ಡಿಯಾದದ್ದು ನಿಜ. ಆ ಅಡ್ಡಿಯನ್ನು ಅವರು ದಾಟಿದ್ದೂ ಅಷ್ಟೇ ನಿಜ. ಅವರ ಸ್ಥಾನ ಕುಗ್ಗಿದ್ದಕ್ಕೆ ಕಾರಣವನ್ನು ಅವರ ನಾಲಗೆಯಲ್ಲಿ ಹುಡುಕುವುದಕ್ಕಿಂತ, ಚಿತ್ರದ ನಾಯಕಿ ಎಂಥ ಮನೆಯಿಂದ ಬಂದವಳಾಗಿರಬೇಕು ಎಂಬ ಬಗ್ಗೆ ನಮ್ಮ ಸಮಾಜದ ಎಣಿಕೆ ಆ ಕೆಲವೇ ವರ್ಷಗಳಲ್ಲಿ ಹೇಗೆ ಬದಲಾಯಿತು ಎಂಬುದರಲ್ಲಿ ಹುಡುಕಬೇಕೆಂದು ನನ್ನ ಅಭಿಪ್ರಾಯ.

ಮುಂದೆ ಹೋಗುವ ಮೊದಲು ಒಂದು ಸ್ಪಷ್ಟನೆ ಅಗತ್ಯ. ಹಿಂದಿ ಮತ್ತು ಮರಾಠಿ ಚಿತ್ರಗಳಲ್ಲಿ ತಾಯಿಯ ಪಾತ್ರಗಳಿಂದ ನಮ್ಮೆಲ್ಲರಿಗೂ ಪರಿಚಿತರಾದ ಸುಲೋಚನಾ ಲಾಟ್ಕರ್ ಬೇರೆಯವರು. ಅವರು 2023ರಲ್ಲಿ ತೀರಿಕೊಂಡಾಗಲೂ ಕೆಲವರಿಗೆ ಈ ಇಬ್ಬರ ನಡುವೆ ಗೊಂದಲವಾಗಿದ್ದರೆ ಆಶ್ಚರ್ಯವಿಲ್ಲ. ನಾನು ಮಾತನಾಡುತ್ತಿರುವುದು 1907ರಲ್ಲಿ ಹುಟ್ಟಿ 1983ರಲ್ಲಿ ಮುಂಬಯಿಯಲ್ಲಿ ತೀರಿಕೊಂಡ, ಬಾಗ್ದಾದಿ ಯಹೂದಿ ಕುಟುಂಬದ ನಟಿಯ ಬಗ್ಗೆ.

ಅವರು ಚಿತ್ರರಂಗಕ್ಕೆ ಬಂದ ಕಾಲದಲ್ಲಿ ಹೆಂಗಸು ಕ್ಯಾಮೆರಾದ ಮುಂದೆ ನಿಲ್ಲುವುದೆಂದರೆ ಏನರ್ಥವಿತ್ತು ಎಂಬುದನ್ನು ಮೊದಲು ನೆನೆಯಬೇಕು. 1913ರ 'ರಾಜಾ ಹರಿಶ್ಚಂದ್ರ' ಚಿತ್ರದಲ್ಲಿ ಹರಿಶ್ಚಂದ್ರನ ಹೆಂಡತಿ ತಾರಾಮತಿಯ ಪಾತ್ರಕ್ಕೆ ಹೆಂಗಸರು ಸಿಗದೆ, ಫಾಲ್ಕೆಯವರು ಸಾಳುಂಕೆ ಎಂಬ ತರುಣನಿಗೆ ಸೀರೆ ಉಡಿಸಿ ಚಿತ್ರ ತೆಗೆದರು. ಅದೇ ವರ್ಷದ 'ಮೋಹಿನಿ ಭಸ್ಮಾಸುರ'ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿದರಾದರೂ, ಅದರಿಂದ ಬಾಗಿಲು ತಟ್ಟನೆ ತೆರೆದುಕೊಳ್ಳಲಿಲ್ಲ. ಸ್ತ್ರೀ ಪಾತ್ರಗಳನ್ನು ಗಂಡಸರು ಕಟ್ಟುತ್ತಿದ್ದ ನಮ್ಮ ಕಂಪನಿ ನಾಟಕಗಳ ಪರಂಪರೆಯನ್ನು ಬಲ್ಲ ಕನ್ನಡಿಗರಿಗೆ ಈ ಸಂಕೋಚವನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವಿದ್ದದ್ದು ಇಷ್ಟೇ: ರಂಗದ ಮೇಲೆ ದೂರದಿಂದ, ದೀಪದ ಬೆಳಕಿನಲ್ಲಿ, ಹಾಡಿನ ಬಲದಿಂದ ಗಂಡಸು ಹೆಣ್ಣಾಗಿ ಒಪ್ಪಿತನಾಗುತ್ತಿದ್ದ, ಕ್ಯಾಮೆರಾ ಹತ್ತಿರ ಬಂದು ಮುಖವನ್ನೇ ತೆರೆಯ ತುಂಬ ತೋರಿಸತೊಡಗಿದಾಗ ಆ ಒಪ್ಪಂದ ಮುರಿದುಬಿತ್ತು. ಸಿನಿಮಾಕ್ಕೆ ಹೆಂಗಸರು ಬೇಕೇ ಬೇಕಾದರು. ಆದರೆ ಮರ್ಯಾದಸ್ಥರೆನಿಸಿಕೊಂಡ ಮನೆಗಳು ಹೆಣ್ಣುಮಕ್ಕಳನ್ನು ಕಳಿಸಲು ಸಿದ್ಧವಿರಲಿಲ್ಲ.

ಆ ಕೊರತೆಯನ್ನು ತುಂಬಿದವರಲ್ಲಿ ಮುಖ್ಯರು ಆಂಗ್ಲೋ ಇಂಡಿಯನ್ ಮತ್ತು ಯಹೂದಿ ಸಮುದಾಯಗಳ ತರುಣಿಯರು. ಪೇಷನ್ಸ್ ಕೂಪರ್ ತಮ್ಮ ಹೆಸರಿನಲ್ಲೇ ಉಳಿದರು. ರೆನೀ ಸ್ಮಿತ್ ಸೀತಾ ದೇವಿಯಾದರು, ಎಫಿ ಹಿಪ್ಪೊಲೆಟ್ ಇಂದಿರಾ ದೇವಿಯಾದರು. ಈ ಸಮುದಾಯಗಳ ಹೆಣ್ಣುಮಕ್ಕಳು ಆ ವೇಳೆಗಾಗಲೇ ಕಚೇರಿ, ಅಂಗಡಿ, ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದರು. ಸಂಬಳಕ್ಕಾಗಿ ಮನೆಯ ಹೊಸ್ತಿಲು ದಾಟುವುದು ಅವರಿಗೆ ಹೊಸದಾಗಿರಲಿಲ್ಲ. ಹಾಗೆಂದು ಅವರಿಗೂ ಸಿನಿಮಾ ಗೌರವದ ಕೆಲಸವೇನೂ ಆಗಿರಲಿಲ್ಲ ಎಂಬುದಕ್ಕೆ ರೂಬಿ ಮೈಯರ್ಸ್ ಅವರೇ ಸಾಕ್ಷಿ. ಟೆಲಿಫೋನ್ ಆಪರೇಟರ್ ಆಗಿದ್ದ ಅವರನ್ನು ಕೊಹಿನೂರ್ ಫಿಲ್ಮ್ ಕಂಪನಿಯ ನಿರ್ದೇಶಕ ಮೋಹನ್ ಭವನಾನಿ ಚಿತ್ರಕ್ಕೆ ಕರೆದಾಗ ಅವರು ಮೊದಲು ಒಪ್ಪಲಿಲ್ಲ. ನಟನೆಯ ಗಂಧವೂ ಅವರಿಗಿರಲಿಲ್ಲ. ಭವನಾನಿ ಪಟ್ಟುಬಿಡದೆ ಕೇಳಿದ ಮೇಲೆ ಒಪ್ಪಿಕೊಂಡರು. ಈ ನಿರಾಕರಣೆಯನ್ನು ನಾನು ಮುಖ್ಯವೆಂದು ಎಣಿಸುತ್ತೇನೆ. ಸಿನಿಮಾದ ಹೊಳಪಿಗೆ ಮರುಳಾಗಿ ಓಡಿಬಂದ ಹುಡುಗಿಯ ಚಿತ್ರ ಇಲ್ಲಿಲ್ಲ. ಕೈಯಲ್ಲೊಂದು ನೌಕರಿಯಿದ್ದ, ಬಿಟ್ಟು ಹೋದರೆ ಏನು ಕಳೆದುಕೊಳ್ಳಬೇಕಾದೀತೆಂದು ಬಲ್ಲ ಹೆಣ್ಣೊಬ್ಬಳು ಯೋಚಿಸಿ ಇಟ್ಟ ಹೆಜ್ಜೆ ಅದು.

ಹೊಸ ಕೆಲಸದೊಂದಿಗೆ ಹೊಸ ಹೆಸರೂ ಬಂತು. ಇಂದ್ರಜಿತುವಿನ ಹೆಂಡತಿಯ ಹೆಸರು ಅದು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರವೂ ಅದೇ ಸತಿಯ ಕಥೆಯನ್ನು ಹೇಳಿತು. ಇಂಗ್ಲಿಷ್ ಹೆಸರಿನ ಯಹೂದಿ ತರುಣಿ ಪುರಾಣದ ಪತಿವ್ರತೆಯ ಹೆಸರು ಹೊತ್ತು ತೆರೆಗೆ ಬರಬೇಕಾದದ್ದರಲ್ಲಿಯೇ ಆ ಕಾಲದ ಚಿತ್ರೋದ್ಯಮದ ಲೆಕ್ಕಾಚಾರ ಕಾಣುತ್ತದೆ. ದುಡಿಯಲು ಯಾವ ಸಮುದಾಯದಿಂದ ಬಂದರೂ ಸರಿ, ಭಿತ್ತಿಪತ್ರದ ಮೇಲೆ ಮಾತ್ರ ಎಲ್ಲರೂ ಒಪ್ಪುವ ಹೆಸರಿರಬೇಕು.

1925ರ 'ವೀರಬಾಲಾ' ಅವರ ಮೊದಲ ಚಿತ್ರ. ಮುಂದಿನ ಒಂದೆರಡು ವರ್ಷಗಳ ಚಿತ್ರಗಳ ಹೆಸರುಗಳನ್ನು ಸುಮ್ಮನೆ ಓದಿಕೊಂಡು ಹೋದರೂ ಏನೋ ಹೊಸದು ಘಟಿಸುತ್ತಿರುವುದು ತಿಳಿಯುತ್ತದೆ: 'ಸಿನೆಮಾ ನೀ ರಾಣಿ', 'ಟೈಪಿಸ್ಟ್ ಗರ್ಲ್', 'ಟೆಲಿಫೋನ್ ಗರ್ಲ್'. ಸೀತೆ, ಸಾವಿತ್ರಿ, ದಮಯಂತಿಯರಿಂದ ತುಂಬಿದ್ದ ತೆರೆಯ ಮೇಲೆ ಈಗ ಬೆರಳಚ್ಚು ಯಂತ್ರದ ಮುಂದೆ ಕುಳಿತವಳು, ಟೆಲಿಫೋನಿನ ತಂತಿ ಜೋಡಿಸುವವಳು ಕಥೆಯ ನಾಯಕಿಯಾದಳು. ದ್ವಾರಕಾದಾಸ್ ಸಂಪತ್ ಅವರ ಒಡೆತನದ ಕೊಹಿನೂರ್ ಆಗ ದೇಶದ ಅತ್ಯಂತ ಚುರುಕಿನ ಕಂಪನಿಗಳಲ್ಲೊಂದು. ಚಂದೂಲಾಲ್ ಶಾ ಅಲ್ಲಿ ನಿರ್ದೇಶಿಸಿದ 'ಟೈಪಿಸ್ಟ್ ಗರ್ಲ್' (1926) ಕೇವಲ 17 ದಿನಗಳಲ್ಲಿ ಮುಗಿದು ದೊಡ್ಡ ಯಶಸ್ಸು ಕಂಡಿತು. ಅದರಲ್ಲಿ ಸುಲೋಚನಾ ಅವರ ಜೊತೆಗೆ ಗೋಹರ್ ಕೂಡ ಇದ್ದರು. ಗೋಹರ್ ಮುಂದೆ ಚಂದೂಲಾಲ್ ಶಾ ಜೊತೆ ಸೇರಿ ರಣಜಿತ್ ಸ್ಟುಡಿಯೋ ಕಟ್ಟಿದರು; ಆ ಹೆಂಗಸಿನ ಕಥೆಗೆ ಬೇರೆಯದೇ ಉಪನ್ಯಾಸ ಬೇಕು.

ಟೆಲಿಫೋನ್ ಕಚೇರಿಯಲ್ಲಿ ನಿಜವಾಗಿ ದುಡಿದವರೊಬ್ಬರು ತೆರೆಯ ಮೇಲೆ ಟೆಲಿಫೋನ್ ಹುಡುಗಿಯಾದದ್ದನ್ನು ಚಿತ್ರ ಕಂಪನಿಯವರ ಜಾಣ ಪ್ರಚಾರವೆಂದು ತಳ್ಳಿಹಾಕಬಹುದು. ನಾನು ಹಾಗೆ ತಳ್ಳಿಹಾಕಲಾರೆ. ಬೊಂಬಾಯಿಯಂಥ ನಗರದಲ್ಲಿ ಅಪರಿಚಿತ ಗಂಡಸರೊಂದಿಗೆ ಕೆಲಸದ ನಿಮಿತ್ತ ಮಾತನಾಡುವ, ತಿಂಗಳ ಕೊನೆಗೆ ಸ್ವಂತ ಸಂಬಳ ಎಣಿಸಿಕೊಳ್ಳುವ ಹೆಣ್ಣು ಆಗ ಬೀದಿಯಲ್ಲಿ ಕಾಣಿಸತೊಡಗಿದ್ದಳು. ಅವಳನ್ನು ನೋಡುವುದು ಹೇಗೆ ಎಂಬುದು ಸಮಾಜಕ್ಕೆ ಇನ್ನೂ ತಿಳಿದಿರಲಿಲ್ಲ. ಪುರಾಣದಲ್ಲಿ ಅವಳಿಗೆ ಮಾದರಿಯಿರಲಿಲ್ಲ, ವೃತ್ತಿ ರಂಗಭೂಮಿಯಲ್ಲಿಯೂ ಇರಲಿಲ್ಲ. ಅವಳ ನಡೆ, ಕೂರುವ ಬಗೆ, ಕಣ್ಣೆತ್ತಿ ನೋಡುವ ರೀತಿ ಇವನ್ನೆಲ್ಲ ತೆರೆಗೆ ಮೊದಲಬಾರಿಗೆ ತರಬೇಕಾದವರು, ಆ ಕುರ್ಚಿಯಲ್ಲಿ ಕುಳಿತು ಬಂದವರೇ ಆಗಿದ್ದರು ಎಂಬುದು ಚರಿತ್ರೆಯ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

ಇಲ್ಲಿ ಮೂಕಿ ಮಾಧ್ಯಮದ ಸ್ವರೂಪವೇ ಅವರ ನೆರವಿಗೆ ಬಂತು. ಚಿತ್ರದ ನಡುನಡುವೆ ಬರುತ್ತಿದ್ದ ಬರಹದ ಫಲಕಗಳು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿರುತ್ತಿದ್ದವು. ಓದು ಬಾರದವರಿಗಾಗಿ ಯಾರಾದರೂ ಗಟ್ಟಿಯಾಗಿ ಓದಿ ಹೇಳುವುದೂ ಇತ್ತು. ತೆರೆಯ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ ನುಡಿಯುತ್ತಿದ್ದವು. ಹೀಗಾಗಿ ನಟಿಯ ಮನೆಮಾತು ಯಾವುದು, ಅವಳ ಉಚ್ಚಾರ ಎಂಥದು ಎಂದು ಕೇಳುವ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಪುಣೆಯ ಯಹೂದಿ ಹುಡುಗಿ ಲಾಹೋರಿನಲ್ಲಿ ಪಂಜಾಬಿಯಾಗಿ, ಅಹಮದಾಬಾದಿನಲ್ಲಿ ಗುಜರಾತಿಯಾಗಿ ಒಪ್ಪಿತಳಾಗಬಹುದಿತ್ತು. ಆ ಕಾಲದ ಸ್ಟುಡಿಯೋಗಳು ಬಹುಮಟ್ಟಿಗೆ ಸೂರ್ಯನ ಬೆಳಕನ್ನೇ ನೆಚ್ಚಿಕೊಂಡಿದ್ದವು. ಪ್ರತಿಫಲಕಗಳಿಂದ ಕಣ್ಣಿಗೆ ಬಡಿಯುವ ಬಿಸಿಲಿನಲ್ಲಿ, ನಿರ್ದೇಶಕರು ಪಕ್ಕದಲ್ಲಿ ನಿಂತು ಕೂಗಿ ಸೂಚನೆ ಕೊಡುತ್ತಿರುವಾಗ, ಕೈಯಿಂದ ತಿರುಗಿಸುವ ಕ್ಯಾಮೆರಾದ ಮುಂದೆ ಭಾವವನ್ನು ಮುಖದಲ್ಲಿ ಹಿಡಿದು ನಿಲ್ಲಿಸುವುದು ದೇಹಶ್ರಮದ ಕೆಲಸವೂ ಹೌದು.

ಆ ಶ್ರಮಕ್ಕೂ ಆ ಸ್ವಾತಂತ್ರ್ಯಕ್ಕೂ ಅತ್ಯುತ್ತಮ ನಿದರ್ಶನ 1927ರಲ್ಲಿ ಭವನಾನಿಯವರೇ ನಿರ್ದೇಶಿಸಿದ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'. ಇದರಲ್ಲಿ ಸುಲೋಚನಾ ಅವರದು ಎಂಟು ವೇಷ: ತೋಟದ ಮಾಲಿ, ಪೊಲೀಸ್ ಪೇದೆ, ಹೈದರಾಬಾದಿನ ಸಜ್ಜನ, ಬೀದಿಯ ಪೋರ, ಬಾಳೆಹಣ್ಣು ಮಾರುವ ಮುದುಕಿ, ಯುರೋಪಿನ ಹೊಂಗೂದಲ ಹೆಣ್ಣು, ಜೇಬುಗಳ್ಳಿ, ಹೀಗೆ. ಈ ಪಟ್ಟಿಯನ್ನು ಕೊಂಚ ನಿಧಾನವಾಗಿ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಹದಿನಾಲ್ಕು ವರ್ಷಗಳ ಹಿಂದೆ ತಾರಾಮತಿಯ ಪಾತ್ರಕ್ಕೆ ಗಂಡಸು ಸೀರೆ ಉಟ್ಟಿದ್ದ. ಈಗ ಹೆಣ್ಣೊಬ್ಬಳು ಪೇದೆಯ ಸಮವಸ್ತ್ರ ತೊಟ್ಟು ಗಂಡಸಾಗಿ ನಡೆಯುತ್ತಿದ್ದಳು. ಜಾತಿ, ವರ್ಗ, ವಯಸ್ಸು, ಲಿಂಗ, ಮೈಬಣ್ಣ ಯಾವುದೂ ಅವಳನ್ನು ಒಂದೇ ಕಡೆ ಕಟ್ಟಿಹಾಕಲಿಲ್ಲ. ಮಾತನಾಡುವ ಚಿತ್ರದಲ್ಲಾದರೆ ಈ ಎಂಟು ವೇಷಗಳಿಗೆ ಎಂಟು ಬಗೆಯ ಆಡುನುಡಿ ಬೇಕಾಗುತ್ತಿತ್ತು; ಹೈದರಾಬಾದಿನ ದಖ್ಖನಿ, ಬೊಂಬಾಯಿಯ ಗಲ್ಲಿಯ ಮಾತು, ಮುದುಕಿಯ ಮರಾಠಿ ಎಲ್ಲವೂ ಸಲೀಸಾಗಿ ಬರಬೇಕಾಗುತ್ತಿತ್ತು. ಮೂಕಿ ಚಿತ್ರದಲ್ಲಿ ನಿಲುವು ಮತ್ತು ನಡಿಗೆಯನ್ನು ಬದಲಿಸಿದರೆ ಸಾಕಾಗಿತ್ತು, ಅದು ಸುಲಭವೆಂದು ನಾನು ಹೇಳುತ್ತಿಲ್ಲ.

ಅದೇ ವರ್ಷ ಬಂದ 'ಬಲಿದಾನ' ಇನ್ನೊಂದು ದಿಕ್ಕಿನ ಚಿತ್ರ. ರವೀಂದ್ರನಾಥ ಠಾಕೂರರ 'ವಿಸರ್ಜನ' ನಾಟಕವನ್ನು ಆಧರಿಸಿ ನವಲ್ ಗಾಂಧಿ ಅದನ್ನು ನಿರ್ದೇಶಿಸಿದರು. ದೇವಾಲಯದ ಪ್ರಾಣಿಬಲಿಯನ್ನು ಪ್ರಶ್ನಿಸುವ ಗಂಭೀರ ವಸ್ತು ಅದರದು. ಸುಲೋಚನಾ ಅವರನ್ನು ಮೋಜಿನ ನಗರಚಿತ್ರಗಳ ನಟಿ ಎಂದು ಮಾತ್ರ ಅಳೆಯುವವರು ಇದನ್ನು ಮರೆಯಬಾರದು.

ಆರ್ದೇಶಿರ್ ಇರಾನಿ ಅವರು 1926ರಲ್ಲಿ ಸ್ಥಾಪಿಸಿದ ಇಂಪೀರಿಯಲ್ ಫಿಲ್ಮ್ ಕಂಪನಿಗೆ ಬಂದ ಮೇಲೆ ಸುಲೋಚನಾ ಅವರ ಖ್ಯಾತಿ ತುತ್ತತುದಿ ಮುಟ್ಟಿತು. ಆರ್. ಎಸ್. ಚೌಧರಿ ಅವರ ನಿರ್ದೇಶನದಲ್ಲಿ 'ಮಾಧುರಿ' (1928), 'ಅನಾರ್ಕಲಿ' (1928), 'ಇಂದಿರಾ ಬಿ.ಎ.' (1929) ಒಂದರ ಬೆನ್ನಿಗೊಂದು ಗೆದ್ದವು. ನಾಯಕರಾಗಿ ದಿನ್‌ಶಾ ಬಿಲಿಮೋರಿಯಾ ಅವರೊಂದಿಗೆ ಕಟ್ಟಿದ ಜೋಡಿ ಆ ಕಾಲದ ಅತ್ಯಂತ ಜನಪ್ರಿಯ ಪ್ರಣಯ ಜೋಡಿಯಾಯಿತು. 'ಅನಾರ್ಕಲಿ'ಯದು ಪೈಪೋಟಿಯ ಕಥೆ. ಇಮ್ತಿಯಾಜ್ ಅಲಿ ತಾಜ್ ಅವರ ನಾಟಕದಿಂದ ಪ್ರಸಿದ್ಧವಾಗಿದ್ದ ಅದೇ ಕಥೆಯನ್ನು ಗ್ರೇಟ್ ಈಸ್ಟರ್ನ್ ಕಂಪನಿ ಸೀತಾ ದೇವಿಯವರನ್ನು ಹಾಕಿಕೊಂಡು, ತಾಜ್ ಅವರನ್ನೇ ಜೊತೆಗಿಟ್ಟುಕೊಂಡು ಅದ್ದೂರಿಯಾಗಿ ತೆಗೆಯುತ್ತಿತ್ತು. ಇಂಪೀರಿಯಲ್‌ನವರು ಸುಲೋಚನಾ ಅವರ ಚಿತ್ರವನ್ನು ಅವಸರದಲ್ಲಿ ಮುಗಿಸಿ ಮೊದಲೇ ಬಿಡುಗಡೆ ಮಾಡಿ ಗೆದ್ದರು. ಮೊಘಲ್ ಆಸ್ಥಾನದ ನರ್ತಕಿಯ ಪಾತ್ರಕ್ಕೆ ಎದುರುಬದುರಾಗಿ ನಿಂತವರು ಒಬ್ಬ ಯಹೂದಿ ನಟಿ, ಒಬ್ಬ ಆಂಗ್ಲೋ ಇಂಡಿಯನ್ ನಟಿ ಎಂಬುದನ್ನೂ ಗಮನಿಸಬೇಕು.

ಅವರ ಜನಪ್ರಿಯತೆ ಎಷ್ಟಿತ್ತೆಂದರೆ, ಮಹಾತ್ಮ ಗಾಂಧಿಯವರು ಖಾದಿ ಪ್ರದರ್ಶನವೊಂದನ್ನು ಉದ್ಘಾಟಿಸಿದ ಕಿರುಚಿತ್ರವನ್ನು ತೋರಿಸುವಾಗ 'ಮಾಧುರಿ'ಯಲ್ಲಿನ ಅವರ ಕುಣಿತವನ್ನು ಧ್ವನಿ ಜೋಡಿಸಿ ಜೊತೆಯಲ್ಲಿ ತೋರಿಸಲಾಯಿತಂತೆ. ಅವರ ಸಂಬಳದ ಬಗೆಗಿನ ಮಾತನ್ನು ಮಾತ್ರ ಸ್ವಲ್ಪ ತಿದ್ದಬೇಕು. ಅವರ ಉಚ್ಛ್ರಾಯ ಕಾಲದಲ್ಲಿ ತಿಂಗಳಿಗೆ 5000 ರೂಪಾಯಿ ಬರುತ್ತಿತ್ತೆಂದೂ ಅದು ಬೊಂಬಾಯಿಯ ಗವರ್ನರನ ಸಂಬಳಕ್ಕಿಂತ ಹೆಚ್ಚೆಂದೂ ಬಹಳ ಕಡೆ ಬರೆಯುತ್ತಾರೆ. ಆದರೆ ಆ ಗವರ್ನರನ ವೇತನ ವರ್ಷಕ್ಕೆ ಒಂದು ಲಕ್ಷ ರೂಪಾಯಿಗೂ ಮೀರಿತ್ತು, ಎಂದರೆ ಹೋಲಿಕೆ ನಿಲ್ಲುವುದಿಲ್ಲ. ದಂತಕಥೆ ಇಲ್ಲದೆಯೂ 5000 ರೂಪಾಯಿ ಆ ದಿನಗಳಲ್ಲಿ ಬೆರಗಿನ ಮೊತ್ತವೇ. ಹೆಣ್ಣೊಬ್ಬಳು ತನ್ನ ದುಡಿಮೆಯಿಂದಲೇ ಅಷ್ಟು ಗಳಿಸಿದಳೆಂಬುದನ್ನು ಹಿಗ್ಗಿಸಿ ಹೇಳುವ ಅಗತ್ಯವಿಲ್ಲ.

ಈಗ ವಾಕ್ಚಿತ್ರದ ಪ್ರಶ್ನೆಗೆ ಬರುತ್ತೇನೆ. 1931ರ ಮಾರ್ಚ್ 14ರಂದು ಬೊಂಬಾಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ತೆರೆಕಂಡಿತು. ಅದನ್ನು ತಯಾರಿಸಿದ್ದು ಸುಲೋಚನಾ ಅವರಿದ್ದ ಅದೇ ಇಂಪೀರಿಯಲ್ ಕಂಪನಿ. ಆದರೆ ತನ್ನ ಅತಿ ದೊಡ್ಡ ತಾರೆಯನ್ನು ಬಿಟ್ಟು ಇರಾನಿ ಅವರು ಜುಬೇದಾ ಅವರನ್ನು ನಾಯಕಿಯಾಗಿ ಆರಿಸಿದರು. ಹಿಂದುಸ್ತಾನಿ ಸಲೀಸಾಗಿ ಬಾರದಿದ್ದದ್ದು ಸುಲೋಚನಾ ಅವರಿಗೆ ದೊಡ್ಡ ತೊಡಕಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಸಿದ್ಧ ಕಥೆ ಇಲ್ಲಿಗೆ ಮುಗಿಯುತ್ತದೆ. ನಡೆದದ್ದು ಇಷ್ಟು: ಅವರು ಸುಮಾರು ಒಂದು ವರ್ಷ ಚಿತ್ರಗಳಿಂದ ದೂರವಿದ್ದು ಭಾಷೆ ಕಲಿತರು. 1932ರಲ್ಲಿ 'ಮಾಧುರಿ'ಯ ವಾಕ್ಚಿತ್ರ ರೂಪದೊಂದಿಗೆ ಮರಳಿದರು. 1934ರಲ್ಲಿ ನಂದಲಾಲ್ ಜಸವಂತಲಾಲ್ ನಿರ್ದೇಶನದ 'ಇಂದಿರಾ ಎಂ.ಎ.', 1935ರಲ್ಲಿ ಮತ್ತೆ 'ಅನಾರ್ಕಲಿ', 1936ರಲ್ಲಿ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯ ಮಾತಿನ ರೂಪವಾದ 'ಬಂಬಯ್ ಕಿ ಬಿಲ್ಲಿ' ಬಂದವು. ತಮ್ಮದೇ ಮೂಕಿ ಚಿತ್ರಗಳನ್ನು ಒಂದೊಂದಾಗಿ ತೆಗೆದುಕೊಂಡು, ಅದೇ ಪಾತ್ರವನ್ನು ಈ ಬಾರಿ ಮಾತಿನೊಂದಿಗೆ ಮತ್ತೆ ಮಾಡಿ ತೋರಿಸಿದರು. ಬಿ.ಎ. ಓದಿದ್ದ ಇಂದಿರಾ ಐದು ವರ್ಷಗಳಲ್ಲಿ ಎಂ.ಎ. ಮುಗಿಸಿದಳು. ಇದೇ ದಶಕದ ನಡುವೆ ರೂಬಿ ಪಿಕ್ಸ್ ಎಂಬ ತಮ್ಮದೇ ನಿರ್ಮಾಣ ಸಂಸ್ಥೆಯನ್ನೂ ತೆರೆದರು. ಮಾತಿಗೆ ಹೆದರಿ ಓಡಿದವರು ಹೀಗೆ ಮಾಡಲಾರರು.

ಹಾಗಾದರೆ ಇಳಿಮುಖ ಏಕೆ? ಮೇಲ್ನೋಟದ ಕಾರಣಗಳನ್ನು ಬೇಗ ಹೇಳಿಬಿಡಬಹುದು. 1933ರಿಂದ 1939ರ ವರೆಗೆ ಅವರು ಬಹುತೇಕ ಬಿಲಿಮೋರಿಯಾ ಅವರೊಬ್ಬರ ಜೊತೆಗೇ ನಟಿಸಿದರು. ಜೋಡಿಗೆ ಹೊಸತನ ಉಳಿಯಲಿಲ್ಲ. ಇಂಪೀರಿಯಲ್ 1938ರಲ್ಲಿ ಮುಚ್ಚಿತು. ಹಾಡಬಲ್ಲ ನಟಿಯರಿಗೆ ಬೇಡಿಕೆ ಏರಿತು.

ಇವೆಲ್ಲಕ್ಕಿಂತ ಆಳದ ಕಾರಣವನ್ನು ತಿಳಿಯಲು ಮೈಸೂರು ಸೀಮೆಗೆ ಬರಬೇಕು. ರೂಬಿ ಮೈಯರ್ಸ್ ಅವರನ್ನು ಟೆಲಿಫೋನ್ ಕಚೇರಿಯಿಂದ ಕರೆತಂದ ಅದೇ ಮೋಹನ್ ಭವನಾನಿ, 1930ರ ಸುಮಾರಿಗೆ ಶೂದ್ರಕನ 'ಮೃಚ್ಛಕಟಿಕ'ವನ್ನು ಆಧರಿಸಿ 'ವಸಂತಸೇನಾ' ಎಂಬ ಮೂಕಿ ಚಿತ್ರವನ್ನು ಇಲ್ಲಿ ತೆಗೆದರು. ಅದರಲ್ಲಿ ನಮ್ಮ ಟಿ. ಪಿ. ಕೈಲಾಸಂ ಇದ್ದರು, ಮಂಗಳೂರಿನಲ್ಲಿ ಹುಟ್ಟಿ ಸ್ವಾತಂತ್ರ್ಯ ಚಳವಳಿಯ ಮುಂಚೂಣಿಗೆ ಬಂದ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು, ಮುಂದೆ ಭವನಾನಿಯವರನ್ನೇ ಮದುವೆಯಾಗಿ ಭಾರತೀಯ ನೃತ್ಯದ ಬಗ್ಗೆ ಗ್ರಂಥ ಬರೆದ ಏಣಾಕ್ಷಿ ರಾಮರಾವ್ ಇದ್ದರು. ಐದಾರು ವರ್ಷಗಳ ಹಿಂದೆ ನೌಕರಿಯಲ್ಲಿದ್ದ ಅಪರಿಚಿತ ಹುಡುಗಿಯನ್ನು ಮತ್ತೆ ಮತ್ತೆ ಬೇಡಿಕೊಳ್ಳಬೇಕಾಗಿದ್ದ ನಿರ್ದೇಶಕನಿಗೆ ಈಗ ಓದಿದ, ಹೆಸರುವಾಸಿ ಮನೆತನಗಳ ಮಹಿಳೆಯರು ಒಲಿದು ಬಂದಿದ್ದರು. 1932ರಲ್ಲಿ 'ಅಯೋಧ್ಯೆಚಾ ರಾಜಾ' ಚಿತ್ರದ ತಾರಾಮತಿಯಾಗಿ ದುರ್ಗಾ ಖೋಟೆ ಬಂದರು. 1934ರಲ್ಲಿ ದೇವಿಕಾ ರಾಣಿ ಮತ್ತು ಹಿಮಾಂಶು ರಾಯ್ ಬಾಂಬೆ ಟಾಕೀಸ್ ಕಟ್ಟಿದರು. ಈ ಮಹಿಳೆಯರ ಧೈರ್ಯ ಕಡಿಮೆಯದೆಂದು ನಾನು ಹೇಳಲಾರೆ, ಅವರೂ ನಿಂದೆಯನ್ನು ಎದುರಿಸಿದರು. ಆದರೆ ಅವರು ಬಂದ ಮೇಲೆ ಚಿತ್ರರಂಗ ತನ್ನನ್ನು ಮರ್ಯಾದಸ್ಥ ಉದ್ಯಮವೆಂದು ಬಣ್ಣಿಸಿಕೊಳ್ಳತೊಡಗಿತು. ಆ ಬಣ್ಣನೆಯಲ್ಲಿ ಹಿಂದಿನ ಹತ್ತು ವರ್ಷಗಳ ಕಳಂಕವನ್ನು ಹೊತ್ತ ರೂಬಿ ಮೈಯರ್ಸ್, ರೆನೀ ಸ್ಮಿತ್, ಎಫಿ ಹಿಪ್ಪೊಲೆಟ್ ಅವರಿಗೆ ಜಾಗ ಕಿರಿದಾಯಿತು. ರಾಷ್ಟ್ರೀಯ ಚಳವಳಿಯ ಕಾವಿನಲ್ಲಿ ಭಾರತೀಯ ನಾರಿಯ ಪ್ರತಿಮೆ ಗಟ್ಟಿಯಾಗುತ್ತಿದ್ದ ಕಾಲ ಅದು. ಆ ಪ್ರತಿಮೆಗೆ ಭಾಷಾಶುದ್ಧಿಯೂ ಕುಲವೂ ಸೇರಿಕೊಂಡವು. ಸುಲೋಚನಾ ಅವರು ಭಾಷೆಯನ್ನು ಕಲಿತರು, ಕುಲವನ್ನು ಕಲಿಯಲಾಗುವುದಿಲ್ಲ.

ಆಮೇಲಿನ ದಶಕಗಳನ್ನು ಅವರು ಸಣ್ಣ ಪಾತ್ರಗಳಲ್ಲಿ ಕಳೆದರು. 1947ರ 'ಜುಗ್ನೂ'ವಿನಲ್ಲಿ ಅವರಿದ್ದಾರೆ. 1953ರಲ್ಲಿ ಮತ್ತೊಂದು 'ಅನಾರ್ಕಲಿ' ಬಂತು. ನಿರ್ದೇಶಕರು 'ಇಂದಿರಾ ಎಂ.ಎ.' ಮಾಡಿದ್ದ ಅದೇ ನಂದಲಾಲ್ ಜಸವಂತಲಾಲ್. ನಾಯಕಿಯ ಪಾತ್ರ ಬೀನಾ ರಾಯ್ ಅವರದು, ಸುಲೋಚನಾ ಅವರಿಗೆ ಸಲೀಮನ ತಾಯಿಯ ಪಾತ್ರ. ಎರಡು ಬಾರಿ ಅನಾರ್ಕಲಿಯಾಗಿದ್ದವರು ಮೂರನೆಯ ಬಾರಿ ಅವಳನ್ನು ಅರಮನೆಯ ಇನ್ನೊಂದು ತುದಿಯಿಂದ ನೋಡುವಂತಾಯಿತು. ಇದನ್ನು ದುರಂತವೆಂದು ಕರುಣೆಯಿಂದ ಬರೆಯುವವರಿದ್ದಾರೆ. ಸುಮಾರು ಇಪ್ಪತ್ತೆಂಟು ವರ್ಷ ಅನುಭವವಿದ್ದ ನಟಿ ತನ್ನ ವಯಸ್ಸಿಗೆ ತಕ್ಕ ಪಾತ್ರವನ್ನು ಒಪ್ಪಿ ದುಡಿದರು ಎಂದು ನಾನು ಓದುತ್ತೇನೆ. 1975ರ 'ಜೂಲಿ'ಯಲ್ಲಿಯೂ ಅವರನ್ನು ಕಾಣಬಹುದು. ಎಂದರೆ ಅರ್ಧ ಶತಮಾನದ ವೃತ್ತಿಜೀವನ.

1973ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. 1969ರಲ್ಲಿ ಆರಂಭವಾದ ಆ ಪ್ರಶಸ್ತಿಯನ್ನು ಮೊದಲು ಪಡೆದವರು ದೇವಿಕಾ ರಾಣಿ. ಸುಲೋಚನಾ ಅವರು ಐದನೆಯವರು. ಕಾಲಕ್ರಮದಲ್ಲಿ ಹಿಂದಿನವರಾದರೂ ಗೌರವದ ಸಾಲಿನಲ್ಲಿ ಮುಂದಿನವರ ನಂತರ ಬಂದರು ಎಂಬುದು ನಾನು ಈವರೆಗೆ ಹೇಳಿದ ಮಾತಿಗೆ ಹೊಂದಿಕೆಯಾಗಿಯೇ ಇದೆ.

ಅವರ ಅಭಿನಯದ ಗುಣವನ್ನು ಇಂದು ನಾವು ಅಳೆಯುವುದು ಹೇಗೆ ಎಂದು ನೀವು ಕೇಳಬಹುದು, ಕೇಳಲೇಬೇಕು. ಭಾರತದಲ್ಲಿ ತಯಾರಾದ 1300ಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ, ತುಣುಕುಗಳನ್ನೂ ಸೇರಿಸಿ, ಉಳಿದಿರುವುದು ಮೂವತ್ತರ ಒಳಗೆ. ಆ ಕಾಲದ ನೈಟ್ರೇಟ್ ಫಿಲ್ಮು ಬಹುಬೇಗ ಬೆಂಕಿ ಹಿಡಿಯುವಂಥದು, ತಾನಾಗಿಯೇ ಕೊಳೆಯುವಂಥದು. ಅದರಲ್ಲಿನ ಬೆಳ್ಳಿಗಾಗಿ ಸುರುಳಿಗಳನ್ನು ಮಾರಿ ಕರಗಿಸಿದ್ದೂ ಉಂಟು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಆರಂಭವಾದದ್ದು 1964ರಲ್ಲಿ, ಎಂದರೆ ಸುಲೋಚನಾ ಅವರ ಮೂಕಿ ಚಿತ್ರಗಳು ತಯಾರಾಗಿ ಮೂವತ್ತೈದು ವರ್ಷಗಳಾದ ಮೇಲೆ. ಪಿ. ಕೆ. ನಾಯರ್ ಅವರಂಥವರು ಜೀವಮಾನವಿಡೀ ಹುಡುಕಿ ಉಳಿಸಿದ್ದರಿಂದಲೇ ಇಷ್ಟಾದರೂ ನಮ್ಮ ಕೈಗೆ ದಕ್ಕಿದೆ. ಹೀಗಾಗಿ ಅವರ ಎಂಟು ವೇಷಗಳಲ್ಲಿ ಯಾವುದು ಸಹಜವಾಗಿತ್ತು, ಯಾವುದು ತೋರಿಕೆಯದಾಗಿತ್ತು ಎಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಭಿತ್ತಿಪತ್ರ, ಸ್ಥಿರಚಿತ್ರ, ಸಾಲು ಸಾಲು ಚಿತ್ರಗಳ ಹೆಸರು, ಒಂದೇ ಪಾತ್ರವನ್ನು ಮೂಕಿಯಲ್ಲಿಯೂ ಮಾತಿನಲ್ಲಿಯೂ ಮಾಡಿದ ದಾಖಲೆ: ಇಷ್ಟನ್ನಿಟ್ಟುಕೊಂಡು ಒಬ್ಬ ದುಡಿಯುವ ಹೆಣ್ಣಿನ ವೃತ್ತಿಯ ಇತಿಹಾಸವನ್ನು ಮಾತ್ರ ಬರೆಯಬಹುದು. ಅದನ್ನು ಬರೆಯುವಾಗ ಭಾಷೆ ಬಾರದೆ ಮರೆಯಾದವರ ಪಟ್ಟಿಯಲ್ಲಿ ಅವರನ್ನು ಸೇರಿಸಬಾರದು ಎಂಬುದು ಈ ಸಭೆಯಲ್ಲಿ ನನ್ನ ವಿನಂತಿ.